ಪಿಂಗ್ ಹೋಗುತ್ತದೆ, ಫೈಲ್ ಮಾತ್ರ ಬರುವುದಿಲ್ಲ

ಎರಡು ಊರಿನ ರೂಟರ್‌ಗಳ ನಡುವೆ ಟನಲ್ (ಇಂಟರ್ನೆಟ್ ಮೇಲಿನ ಖಾಸಗಿ ದಾರಿ) ಹಾಕಿಕೊಂಡವರ ಪ್ರಶ್ನೆಗಳಿಗೆ ಈ ಸಲ ಉತ್ತರ. ಟನಲ್ ಹಾಕುವುದು ಹೇಗೆ, ಪಾಸ್‌ವರ್ಡ್ ಎಲ್ಲಿ ಟೈಪ್ ಮಾಡಬೇಕು ಅನ್ನುವುದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಮೊದಲನೇ ಪ್ರಶ್ನೆ ಊರಿನ ಹೆಸರು ಬದಲಾಯಿಸಿಕೊಂಡು ಮತ್ತೆ ಮತ್ತೆ ಬರುತ್ತಿದೆ. ಹಾಗಾಗಿ ಜಾಸ್ತಿ ಜಾಗ ಅದಕ್ಕೇ.

ಪ್ರಶ್ನೆ: ಹುಬ್ಬಳ್ಳಿಯಲ್ಲಿ ಅಂಗಡಿ, ದಾವಣಗೆರೆಯಲ್ಲಿ ಗೋಡೌನ್. ಎರಡೂ ಕಡೆ ಮೈಕ್ರೋಟಿಕ್ ರೂಟರ್, ಪಿಪಿಪಿಒಇ (ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು ಸೇರುವ) ಫೈಬರ್ ಲೈನ್, ಸ್ಟ್ಯಾಟಿಕ್ (ಬದಲಾಗದ) ಐಪಿ. ಐಪಿಸೆಕ್ (ಡೇಟಾ ಎನ್‌ಕ್ರಿಪ್ಟ್ ಮಾಡುವ) ಟನಲ್ ಕನೆಕ್ಟ್ ಆಗಿದೆ, ಪಿಂಗ್ ಹೋಗುತ್ತದೆ. ಗೋಡೌನ್‌ನ ಶೇರ್ ಫೋಲ್ಡರ್ ತೆರೆದರೆ ಫೈಲ್‌ಗಳ ಹೆಸರು ಕಾಣುತ್ತದೆ, ಕಾಪಿ ಮಾಡಲು ಹೋದರೆ ನಿಂತುಬಿಡುತ್ತದೆ. ನೆಟ್‌ವರ್ಕ್ ಹುಡುಗ ರೂಟರ್ ಬದಲಾಯಿಸಿ ಅನ್ನುತ್ತಿದ್ದಾನೆ. ಏನು ಮಾಡಲಿ ಸರ್?

ಉತ್ತರ: ರೂಟರ್ ಬದಲಾಯಿಸಬೇಡಿ, ದುಡ್ಡು ಜೇಬಲ್ಲೇ ಇರಲಿ. ಸಣ್ಣ ಪ್ಯಾಕೆಟ್ ದಾಟುತ್ತಿದೆ, ದೊಡ್ಡದು ದಾಟುತ್ತಿಲ್ಲ, ಅಷ್ಟೇ. ವಿಂಡೋಸ್‌ನ ಪಿಂಗ್ ಕಳಿಸುವುದು ಬರೀ 32 ಬೈಟ್ ಡೇಟಾ. ಅದು ಹೋಯಿತು ಅಂತ ಟನಲ್ ಸರಿ ಇದೆ ಅನ್ನುವುದು, ಸ್ಕೂಟರ್ ದಾಟಿತು ಅಂತ ಅಂಡರ್‌ಪಾಸ್‌ಗೆ ಲೋಡ್ ಲಾರಿ ನುಗ್ಗಿಸಿದ ಹಾಗೆ.

ಲೆಕ್ಕ ನೋಡಿ. ಕಂಪ್ಯೂಟರ್ 1500 ಬೈಟ್‌ವರೆಗಿನ ಪ್ಯಾಕೆಟ್ ಕಳಿಸುತ್ತದೆ. ಪಿಪಿಪಿಒಇ 8 ಬೈಟ್ ತಿನ್ನುತ್ತದೆ, 1492 ಉಳಿಯಿತು. ಐಪಿಸೆಕ್ ತನ್ನ ಹೆಡರ್‌ಗಳನ್ನು (ಪ್ಯಾಕೆಟ್ ಮೇಲಿನ ವಿಳಾಸ, ವಿವರ) ಸೇರಿಸಿ ಇನ್ನೂ 50ರಿಂದ 85 ಬೈಟ್ ತೆಗೆದುಕೊಳ್ಳುತ್ತದೆ. ಯಾವ ಎನ್‌ಕ್ರಿಪ್ಷನ್, ಮಧ್ಯೆ ನ್ಯಾಟ್ (ಐಪಿ ವಿಳಾಸ ಬದಲಾಯಿಸಿ ಕಳಿಸುವುದು) ಇದೆಯಾ ಅನ್ನುವುದರ ಮೇಲೆ ಅದು ಹೋಗುತ್ತದೆ. ಉಳಿದ ಜಾಗದಲ್ಲಿ 1500 ಹಿಡಿಸುವುದಿಲ್ಲ. ಆ ಪ್ಯಾಕೆಟ್ ಮೇಲೆ ತುಂಡು ಮಾಡಬೇಡಿ ಎಂಬ ಗುರುತು, ಅಂದರೆ ಡಿಎಫ್ ಬಿಟ್ ಬೇರೆ ಇರುತ್ತದೆ. ಆಗ ರೂಟರ್ ಅದನ್ನು ಬಿಸಾಡಿ, ಇನ್ನೂ ಚಿಕ್ಕದು ಕಳಿಸು ಅಂತ ಐಸಿಎಂಪಿ (ನೆಟ್‌ವರ್ಕ್‌ನ ತೊಂದರೆ ತಿಳಿಸುವ) ಮೆಸೇಜ್ ವಾಪಸ್ ಕಳಿಸಬೇಕು. ಯಾರೋ ಫೈರ್‌ವಾಲ್‌ನಲ್ಲಿ ಐಸಿಎಂಪಿ ತಡೆದಿದ್ದರೆ ಆ ಮೆಸೇಜ್ ತಲುಪುವುದೇ ಇಲ್ಲ. ಕಂಪ್ಯೂಟರ್ ಅದೇ ಪ್ಯಾಕೆಟ್ ಅನ್ನು ಮತ್ತೆ ಮತ್ತೆ ಕಳಿಸುತ್ತಾ ಕೂರುತ್ತದೆ, ನಿಮ್ಮ ಪರದೆ ಮೇಲೆ ಕಾಪಿಯ ಹಸಿರು ಪಟ್ಟಿ ಅಲ್ಲೇ ನಿಂತಿರುತ್ತದೆ. ಸೆಕ್ಯೂರಿಟಿ ಹೆಸರಲ್ಲಿ "ಐಸಿಎಂಪಿ ಪೂರ್ತಿ ಬ್ಲಾಕ್ ಮಾಡಿ" ಅಂತ ವಿಡಿಯೋ ಹಾಕುವವರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ. ಅವರು ಯಾವ ಕಳ್ಳನನ್ನೂ ತಡೆದಿಲ್ಲ, ಇಂಥ ಅಂಗಡಿಗಳ ಕೆಲಸ ನಿಲ್ಲಿಸಿದ್ದಾರೆ.

ಊಹೆ ಬೇಡ, ಅಳೆಯಿರಿ. ಅಂಗಡಿಯ ವಿಂಡೋಸ್ ಕಂಪ್ಯೂಟರ್‌ನಿಂದ ಗೋಡೌನ್ ಕಂಪ್ಯೂಟರ್‌ಗೆ ಪಿಂಗ್ ಮಾಡಿ, ಆದರೆ -ಎಫ್ (ತುಂಡು ಮಾಡಬೇಡಿ) ಮತ್ತು -ಎಲ್ 1472 (ಡೇಟಾ ಸೈಜ್) ಸೇರಿಸಿ. ಇದು ಹೋಗಬಾರದು. ಆಮೇಲೆ ಸಂಖ್ಯೆ ಇಳಿಸುತ್ತಾ ಬನ್ನಿ. ಎಲ್ಲಿ ಉತ್ತರ ಬಂತೋ ಆ ಸಂಖ್ಯೆಗೆ ಹೆಡರ್‌ನ 28 ಸೇರಿಸಿದರೆ ಟನಲ್‌ನ ನಿಜವಾದ ಅಳತೆ ಸಿಗುತ್ತದೆ. ಎಇಎಸ್-ಜಿಸಿಎಂ ಎನ್‌ಕ್ರಿಪ್ಷನ್ ಹಾಕಿದ್ದು, ಮಧ್ಯೆ ನ್ಯಾಟ್ ಇಲ್ಲದಿದ್ದರೆ 1410 ಹೋಗುತ್ತದೆ, 1411 ಹೋಗುವುದಿಲ್ಲ. ಅಂದರೆ ಅಳತೆ 1438. ಹೋಗದಿದ್ದಾಗ ಏನು ಬರೆದು ಬರುತ್ತದೆ ಅನ್ನುವುದನ್ನೂ ನೋಡಿ. ತುಂಡು ಮಾಡಬೇಕಿತ್ತು ಎಂಬ ಮೆಸೇಜ್ ಬಂದರೆ ರೂಟರ್ ಹೇಳುವುದನ್ನು ಹೇಳುತ್ತಿದೆ. ಬರೀ ಟೈಮ್ಡ್ ಔಟ್ ಬಂದರೆ ಯಾರೋ ಸುಮ್ನೆ ನುಂಗುತ್ತಿದ್ದಾರೆ. ಒಂದು ಎಚ್ಚರ: ಮೈಕ್ರೋಟಿಕ್ ಒಳಗಿಂದಲೇ ಪಿಂಗ್ ಮಾಡಿದರೆ ಅಲ್ಲಿ ಕೊಡುವ ಸೈಜ್‌ನಲ್ಲಿ ಹೆಡರ್ ಸೇರಿಯೇ ಇರುತ್ತದೆ, ಮತ್ತೆ 28 ಕೂಡಿಸಬೇಡಿ.

ಮದ್ದು ಏನಂದರೆ ಎಂಎಸ್‌ಎಸ್ (ಒಂದು ಟಿಸಿಪಿ ಪ್ಯಾಕೆಟ್‌ನಲ್ಲಿ ಹಿಡಿಸುವ ಡೇಟಾದ ಮಿತಿ) ಕಡಿಮೆ ಮಾಡುವುದು. ಅಳತೆಯಲ್ಲಿ ಹೆಡರ್‌ಗಳ 40 ಕಳೆದರೆ ಎಂಎಸ್‌ಎಸ್, ಇಲ್ಲಿ 1398. ನಾನಾದರೆ ಅಷ್ಟು ಬಿಗಿಯಾಗಿ ಇಡುವುದಿಲ್ಲ, 1360 ಇಡುತ್ತೇನೆ. ನಾಳೆ ಎನ್‌ಕ್ರಿಪ್ಷನ್ ಬದಲಾದರೂ, ಮಧ್ಯೆ ನ್ಯಾಟ್ ಬಂದರೂ ಕೈ ಕೊಡಬಾರದು, ಅಲ್ವಾ? ಮೈಕ್ರೋಟಿಕ್‌ನಲ್ಲಿ ಪ್ಯಾಕೆಟ್ ತಿದ್ದುವ ಮ್ಯಾಂಗಲ್ ಭಾಗದಲ್ಲಿ ಫಾರ್ವರ್ಡ್ ಚೈನ್, ಟಿಸಿಪಿ, ಸಿನ್ ಫ್ಲ್ಯಾಗ್, ಐಪಿಸೆಕ್ ಪಾಲಿಸಿ ಇನ್‌ಗೆ ಒಂದು ರೂಲ್, ಔಟ್‌ಗೆ ಒಂದು, ಎರಡರಲ್ಲೂ ಚೇಂಜ್ ಎಂಎಸ್‌ಎಸ್ 1360. ಎರಡೂ ರೂಟರ್‌ನಲ್ಲಿ ಹಾಕಿ. ಇದು ಹೊಸ ಕನೆಕ್ಷನ್‌ಗೆ ಮಾತ್ರ ಹತ್ತುತ್ತದೆ, ಆದ್ದರಿಂದ ಕಂಪ್ಯೂಟರ್ ಎರಡನ್ನೂ ರೀಸ್ಟಾರ್ಟ್ ಮಾಡಿ ನೋಡಿ. ಪ್ರತಿ ಕಂಪ್ಯೂಟರ್‌ಗೂ ಹೋಗಿ ಎಂಟಿಯು (ಪ್ಯಾಕೆಟ್‌ನ ಗರಿಷ್ಠ ಅಳತೆ) 1300 ಮಾಡಿ ಬರುವವರನ್ನು ಒಳಗೆ ಬಿಡಬೇಡಿ. ನಾಳೆ ಹೊಸ ಕಂಪ್ಯೂಟರ್ ಬಂದಾಗ ಅದೇ ಕಥೆ.

ಅಳತೆ ಸರಿ ಇದ್ದು, 1400 ಬೈಟ್ ಎರಡೂ ಕಡೆಯಿಂದ ದಾಟಿ, ಎಂಎಸ್‌ಎಸ್ ರೂಲ್ ಹಾಕಿದ ಮೇಲೂ ಫೈಲ್ ನಿಂತರೆ ಫಾಸ್ಟ್‌ಟ್ರ್ಯಾಕ್ (ಪ್ಯಾಕೆಟ್‌ಗಳನ್ನು ಬೇಗ ದಾಟಿಸುವ ಅಡ್ಡದಾರಿ) ನೋಡಿ. ಮೈಕ್ರೋಟಿಕ್‌ನಲ್ಲಿ ಫಾಸ್ಟ್‌ಟ್ರ್ಯಾಕ್ ಹಿಡಿದ ಕನೆಕ್ಷನ್ ಐಪಿಸೆಕ್ ಪಾಲಿಸಿಯನ್ನು ತಪ್ಪಿಸಿಕೊಂಡು ಹೋಗುತ್ತದೆ. ಅದು ಹಿಡಿಯುವುದು ಟಿಸಿಪಿ, ಯುಡಿಪಿ ಮಾತ್ರ, ಪಿಂಗ್ ಅನ್ನು ಮುಟ್ಟುವುದಿಲ್ಲ. ಹಾಗಾಗಿ ಲಕ್ಷಣ ಹೆಚ್ಚುಕಡಿಮೆ ಇದೇ! ಕಂಪನಿಯ ಡಿಫಾಲ್ಟ್ ಫೈರ್‌ವಾಲ್‌ನಲ್ಲಿ ಐಪಿಸೆಕ್ ಟ್ರಾಫಿಕ್ ಅನ್ನು ಫಾಸ್ಟ್‌ಟ್ರ್ಯಾಕ್‌ಗಿಂತ ಮೇಲೆಯೇ ಆಕ್ಸೆಪ್ಟ್ ಮಾಡುವ ಎರಡು ರೂಲ್ ಇರುತ್ತವೆ. ಎಲ್ಲ ಅಳಿಸಿ ಎಲ್ಲಿಂದಲೋ ಕಾಪಿ ಹೊಡೆದವರಿಗೆ ಅವು ಇರುವುದಿಲ್ಲ.

ಪ್ರಶ್ನೆ: ಎರಡೂ ಆಫೀಸ್‌ನಲ್ಲಿ 192.168.1 ಸರಣಿಯೇ ಇದೆ, ನ್ಯಾಟ್ ಮಾಡಿ ಹೊಂದಿಸಬಹುದಾ?

ಉತ್ತರ: ಒಂದು ಕಡೆಯದನ್ನು ಬದಲಾಯಿಸಿ. ಒಂದು ಭಾನುವಾರದ ಕೆಲಸಕ್ಕೆ ಹೆದರಿ ವರ್ಷಗಟ್ಟಲೆ ಒದ್ದಾಡಬೇಡಿ.

ಪ್ರಶ್ನೆ: ಪೋರ್ಟ್ ಫಾರ್ವರ್ಡ್ ಮಾಡಿದರೂ ವೈರ್‌ಗಾರ್ಡ್ ಟನಲ್ ಕನೆಕ್ಟ್ ಆಗುತ್ತಿಲ್ಲ. ರೂಟರ್‌ನ ವ್ಯಾನ್ (ಇಂಟರ್ನೆಟ್ ಕಡೆಯ) ಐಪಿ 100.72ರಿಂದ ಶುರುವಾಗುತ್ತದೆ.

ಉತ್ತರ: 100.64ರಿಂದ 100.127ರವರೆಗಿನದು ನಿಮ್ಮ ಸ್ವಂತ ಪಬ್ಲಿಕ್ ಐಪಿ ಅಲ್ಲ, ಸಿಜಿನ್ಯಾಟ್, ಅಂದರೆ ಇಂಟರ್ನೆಟ್ ಕಂಪನಿ ಒಂದೇ ಪಬ್ಲಿಕ್ ಐಪಿಯನ್ನು ಹಲವರಿಗೆ ಹಂಚಿದ್ದು. ಫಾರ್ವರ್ಡ್ ಮಾಡಿ ಪ್ರಯೋಜನವಿಲ್ಲ. ಇನ್ನೊಂದು ಕಡೆ ಪಬ್ಲಿಕ್ ಐಪಿ ಇದ್ದರೆ ಈ ಕಡೆಯಿಂದ ಕನೆಕ್ಟ್ ಮಾಡಿ, ಕನೆಕ್ಷನ್ ಜೀವಂತ ಇಡುವ ಕೀಪ್‌ಅಲೈವ್ 25 ಸೆಕೆಂಡ್ ಇಡಿ. ಎರಡೂ ಕಡೆ ಹೀಗೇ ಇದ್ದರೆ ಸ್ಟ್ಯಾಟಿಕ್ ಐಪಿ ಕೊಂಡುಕೊಳ್ಳಿ.

ಪ್ರಶ್ನೆ: ಪಿಪಿಟಿಪಿ ಸುಲಭ ಅಲ್ವಾ ಸರ್?

ಉತ್ತರ: ಬೇಡ. ಅದು ಹಳೆಯ ಬಗೆಯ ಟನಲ್, ಅದರ ಲಾಗಿನ್ ಒಡೆಯುವ ದಾರಿ 2012ರಲ್ಲೇ ಎಲ್ಲರಿಗೂ ಸಿಕ್ಕಿದೆ. ಅದನ್ನು ಇವತ್ತೂ ಹಾಕಿಕೊಡುವವರ ಕೈಗೆ ನಿಮ್ಮ ರೂಟರ್ ಕೊಡಬೇಡಿ.

ಪ್ರಶ್ನೆ: ಐಕೆಇ ವಿ2 (ಐಪಿಸೆಕ್‌ಗೆ ಕೀ ಹೊಂದಿಸುವ ವಿಧಾನ) ಟನಲ್ ಚೆನ್ನಾಗಿಯೇ ಶುರುವಾಗುತ್ತದೆ, ಸ್ವಲ್ಪ ಹೊತ್ತಾದ ಮೇಲೆ ಬಿದ್ದುಹೋಗುತ್ತದೆ. ಲೈನ್ ಸರಿ ಇಲ್ವಾ?

ಉತ್ತರ: ಲೈನ್ ಬೈಯುವ ಮೊದಲು ಗಡಿಯಾರ ನೋಡಿ. ಪ್ರತಿ ಸಲ ಒಂದೇ ಅಂತರದಲ್ಲಿ ಬೀಳುತ್ತಿದ್ದರೆ, ಅದು ಫೇಸ್ 2 ಲೈಫ್‌ಟೈಮ್‌ಗೆ (ಡೇಟಾ ಕೀಯ ಆಯುಸ್ಸಿಗೆ) ಹೊಂದುತ್ತಿದ್ದರೆ, ಎರಡೂ ಕಡೆಯ ಪಿಎಫ್‌ಎಸ್ ಗ್ರೂಪ್ (ಹೊಸ ಕೀ ಹುಟ್ಟಿಸುವ ಲೆಕ್ಕದ ಸೆಟ್ಟಿಂಗ್) ಬೇರೆ ಬೇರೆ ಇರುವ ಸಾಧ್ಯತೆ ಜಾಸ್ತಿ. ಐಕೆಇ ವಿ2ನಲ್ಲಿ ಮೊದಲ ಸಲ ಟನಲ್ ಏಳುವಾಗ ಆ ಗ್ರೂಪ್ ಅನ್ನು ಯಾರೂ ಕೇಳುವುದಿಲ್ಲ, ಕೀ ಬದಲಾಯಿಸುವಾಗಲೇ ಅದು ಬೇಕಾಗುತ್ತದೆ. ಎರಡೂ ಕಡೆ ಒಂದೇ ಗ್ರೂಪ್ ಹಾಕಿ, ಲೈಫ್‌ಟೈಮ್ 10 ನಿಮಿಷಕ್ಕೆ ಇಳಿಸಿ, ಒಂದೆರಡು ಸಲ ಕೀ ಬದಲಾಗುವವರೆಗೂ ಲಾಗ್ ನೋಡುತ್ತಾ ಕೂತುಕೊಳ್ಳಿ. ಬೀಳದಿದ್ದರೆ ಲೈಫ್‌ಟೈಮ್ ಮೊದಲಿನಂತೆ ಮಾಡಿ.