ನಿಮ್ಮ ಮಾವನ ಮೆದುಳು ಹಸಿದಿರಲಿಲ್ಲ

ನಮಸ್ಕಾರ,

ನೀವು ಕಳಿಸಿದ 'ಇನ್ಸುಲಿನ್ ಇಲ್ಲದೆ ಹಸಿಯುವ ಮೆದುಳು' ಲೇಖನವನ್ನು ಎರಡು ಸಲ ಓದಿದೆ. ಈಗ ಇರುವ ಹಾಗೆ ಹಾಕಲು ಆಗುವುದಿಲ್ಲ. ಹಾಗಂತ ವಾಪಸ್ ಕಳಿಸಿ ಸುಮ್ಮನಾಗಲೂ ಮನಸ್ಸಿಲ್ಲ, ಯಾಕೆಂದರೆ ಏಳನೇ ಪ್ಯಾರಾದಲ್ಲಿ ನಿಮ್ಮ ಸೋದರಮಾವ ಇದ್ದಾರೆ.

ಆ ಪ್ಯಾರಾವನ್ನು ನೋಡದೆಯೇ ಹೇಳಬಲ್ಲೆ. ಮನೆಯಲ್ಲಿ ಮದುವೆ. ಹದಿನೈದನೇ ವಯಸ್ಸಿನಿಂದ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದ ಮಾವ ಓಡಾಟದ ಗಡಿಬಿಡಿಯಲ್ಲಿ ಎರಡು ದಿನ ತಪ್ಪಿಸಿದರು. ಚೊಂಬುಗಟ್ಟಲೆ ನೀರು ಕುಡಿದರು, ಗಳಿಗೆಗೊಮ್ಮೆ ಎದ್ದು ಬಚ್ಚಲಿಗೆ ಹೋದರು. ರಾತ್ರಿ ಪಕ್ಕದಲ್ಲಿ ಕೂತಾಗ ಮಾಗಿ ಕೊಳೆಯೋಕೆ ಬಂದ ಬಾಳೆಹಣ್ಣಿನ ವಾಸನೆ. ಚಪ್ಪರಕ್ಕೆ ಕಟ್ಟಿದ ಗೊನೆಯದು ಅಂದುಕೊಂಡಿರಿ. ಬೆಳಗ್ಗೆ ಮಾವ ನಿಮ್ಮನ್ನು ನಿಮ್ಮ ಅಮ್ಮನ ಹೆಸರು ಹಿಡಿದು ಕರೆದರು. ಬೆರಳು ಚುಚ್ಚಿ ನೋಡಿದರೆ ಮೀಟರಿನಲ್ಲಿ ಅಂಕಿಯೇ ಇಲ್ಲ, ಎರಡು ಇಂಗ್ಲಿಷ್ ಅಕ್ಷರ. ನಿಮ್ಮ ಪುಟ್ಟ ತಮ್ಮ ಅದನ್ನು 'ಹಾಯ್' ಅಂತ ಓದಿದ.

ಇಷ್ಟನ್ನು ಕೈಯಲ್ಲಿಟ್ಟುಕೊಂಡು ನೀವು ಶುರು ಮಾಡಿರುವುದು "ಇಂದಿನ ಆಧುನಿಕ ಯುಗದಲ್ಲಿ ಮಧುಮೇಹವು ಮಹಾಮಾರಿಯಂತೆ" ಅಂತ! ಈ ಸಾಲು ನನ್ನ ಮೇಜಿಗೆ ಆಗಾಗ ಬರುತ್ತದೆ. ಯುಗ ಅದೇ, ಕಾಯಿಲೆ ಮಾತ್ರ ಬೇರೆ. ಮೊದಲು ಅದನ್ನು ಹೊಡೆದುಹಾಕಿ.

ಆದರೆ ನನ್ನ ದೊಡ್ಡ ತಕರಾರು ಭಾಷೆಯ ಬಗ್ಗೆ ಅಲ್ಲ. ಇನ್ಸುಲಿನ್ ಇಲ್ಲದಿದ್ದರೆ ಸಕ್ಕರೆ ಮೆದುಳಿನ ಒಳಗೆ ಹೋಗುವುದಿಲ್ಲ, ಅದಕ್ಕೇ ಮಂಕು ಕವಿಯುತ್ತದೆ ಅಂತ ನೀವು ಬರೆದಿದ್ದೀರಿ. ಇದು ತಪ್ಪು. ಸ್ನಾಯು ಮತ್ತು ಕೊಬ್ಬಿನ ವಿಷಯದಲ್ಲಿ ನೀವು ಹೇಳಿದ ಬೀಗದ ಕೈ ಹೋಲಿಕೆ ಸರಿ. ಅಲ್ಲಿ ಸಕ್ಕರೆಯನ್ನು ಒಳಗೆ ಬಿಡುವ ಬಾಗಿಲು ಇನ್ಸುಲಿನ್ ಹೇಳಿದ ಮೇಲೆ ತೆರೆಯುತ್ತದೆ. ಮೆದುಳಿನ ಬಾಗಿಲುಗಳೇ ಬೇರೆ. ದೇಹದ ತೂಕದಲ್ಲಿ ಶೇಕಡಾ 2ರಷ್ಟಿದ್ದು ಶಕ್ತಿಯಲ್ಲಿ ಶೇಕಡಾ 20ರಷ್ಟನ್ನು ತಿನ್ನುವ ಅಂಗ ಅದು, ಇನ್ಸುಲಿನ್ ಬರಲಿ ಅಂತ ಕಾಯುತ್ತಾ ಕೂರುವುದಿಲ್ಲ. ರಕ್ತದಲ್ಲಿ ಸಕ್ಕರೆ ಇದ್ದರೆ ತನ್ನ ಪಾಲು ಎಳೆದುಕೊಳ್ಳುತ್ತದೆ. ಆ ಬೆಳಗ್ಗೆ ನಿಮ್ಮ ಮಾವನ ರಕ್ತದಲ್ಲಿ ಸಕ್ಕರೆಗೆ ಬರ ಇರಲಿಲ್ಲವಲ್ಲ. ಹೆಚ್ಚಿನ ಮೀಟರುಗಳು ಸಕ್ಕರೆ 600 ದಾಟಿದ ಮೇಲೆ ಆ 'ಹೈ' (HI, ಅಂದರೆ ವಿಪರೀತ ಹೆಚ್ಚು) ತೋರಿಸುತ್ತವೆ.

ಹಾಗಾದರೆ ಮಂಕು ಯಾಕೆ? ಉಪ್ಪಿನಕಾಯಿ ಹಾಕಿದ್ದು ನೋಡಿದ್ದೀರಲ್ವಾ? ಮಾವಿನಕಾಯಿ ಹೋಳುಗಳಿಗೆ ಉಪ್ಪು ಬೆರೆಸಿ ಇಟ್ಟರೆ ರಾತ್ರಿ ಕಳೆಯುವುದರಲ್ಲಿ ಹೋಳು ನೀರು ಬಿಟ್ಟು ಮುದುರಿಕೊಂಡಿರುತ್ತದೆ. ರಕ್ತದಲ್ಲಿ ಸಕ್ಕರೆ ವಿಪರೀತ ಏರಿದಾಗ ಅದು ಮೆದುಳಿನ ಕೋಶಗಳಿಂದಲೂ ಹೀಗೇ ನೀರು ಎಳೆಯುತ್ತದೆ. ಅತ್ತ ಮೂತ್ರದಲ್ಲಿ ಸಕ್ಕರೆಯ ಜೊತೆ ನೀರು, ಲವಣ ಎಲ್ಲ ಹರಿದುಹೋಗುತ್ತಿರುತ್ತದೆ. ಇನ್ಸುಲಿನ್ ಇಲ್ಲದಿದ್ದರೆ ದೇಹ ಕೊಬ್ಬನ್ನು ಲಂಗುಲಗಾಮಿಲ್ಲದೆ ಕರಗಿಸುತ್ತದೆ, ಅದರಿಂದ ಕೀಟೋನ್ ಎಂಬ ಹುಳಿ ಪದಾರ್ಥ ಹುಟ್ಟುತ್ತದೆ, ರಕ್ತ ಹುಳಿಯಾಗುತ್ತದೆ. ಆ ಹುಳಿಯನ್ನು ಹೊರಹಾಕಲು ಶ್ವಾಸ ಜೋರಾಗುತ್ತದೆ, ಆಳವಾಗುತ್ತದೆ. ಬಾಳೆಹಣ್ಣಿನ ವಾಸನೆ ಗೊನೆಯದಲ್ಲ, ಕೀಟೋನ್ ತುಂಬಿದ ಮಾವನ ಉಸಿರಿನದು. ನೀರು ಕಳೆದುಕೊಂಡ, ಹುಳಿ ರಕ್ತದಲ್ಲಿ ಮುಳುಗಿದ ಮೆದುಳು ಮಬ್ಬಾಗುತ್ತದೆ, ಬಿಟ್ಟರೆ ಪ್ರಜ್ಞೆಯೇ ತಪ್ಪುತ್ತದೆ.

ಮೆದುಳು ಸಕ್ಕರೆಗೆ ಹಸಿಯುವುದು ಇದರ ಉಲ್ಟಾ ಸಂದರ್ಭದಲ್ಲಿ. ಇನ್ಸುಲಿನ್ ಜಾಸ್ತಿಯಾದಾಗ, ಅಥವಾ ಚುಚ್ಚಿಕೊಂಡು ಊಟ ಬಿಟ್ಟಾಗ. ಶುಗರ್ 70ರ ಕೆಳಗೆ ಇಳಿದರೆ ನಡುಕ, ಬೆವರು, ಸಿಡಿಮಿಡಿ. ಇನ್ನೂ ಇಳಿದರೆ ಮಾತು ತೊದಲುತ್ತದೆ, ಕುಡಿದವರ ಹಾಗೆ ಆಡುತ್ತಾರೆ. ಅದು ನಿಮಿಷಗಳಲ್ಲಿ ಬರುವಂಥದ್ದು. ಮಾವನದು ಗಂಟೆಗಟ್ಟಲೆ, ದಿನಗಟ್ಟಲೆ ಏರಿ ಬಂದದ್ದು.

ಇಷ್ಟು ಉದ್ದ ಯಾಕೆ ಹೇಳುತ್ತಿದ್ದೇನೆ ಅಂದರೆ, ಕೊನೆಯಲ್ಲಿ ಬಾಕ್ಸ್ ಹಾಕಿ "ಮಧುಮೇಹಿಗಳಿಗೆ ಮಂಕು ಕವಿದರೆ ತಕ್ಷಣ ಇನ್ಸುಲಿನ್ ಕೊಡಿ" ಅಂತ ಬರೆದುಬಿಟ್ಟಿದ್ದೀರಿ. ಇದನ್ನು ಓದಿದವರೊಬ್ಬರು ಶುಗರ್ ಇಳಿದು ಮಂಕಾದವರಿಗೆ ಇನ್ಸುಲಿನ್ ಚುಚ್ಚಿದರೆ ಜೀವ ಹೋಗಬಹುದು. ಬಾಕ್ಸ್ ಬೇಕೇ ಬೇಕು ಅಂದರೆ ಹೀಗೆ ಬರೆಯಿರಿ: ಮೊದಲು ಬೆರಳು ಚುಚ್ಚಿ ನೋಡಿ. ಕಡಿಮೆ ಇದ್ದು ನುಂಗಲು ಆಗುವಂತಿದ್ದರೆ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿ. ಮೀಟರ್ ಸಿಗದಿದ್ದರೂ ಅಷ್ಟೇ ಮಾಡಿ, ಕಾಯಬೇಡಿ. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಿರಿ. ಮುಗಿಯಿತು.

ಇನ್ನೊಂದು. ಆಸ್ಪತ್ರೆಯವರು "ಬರೀ ಡ್ರಿಪ್ ಹಾಕಿ ಗಂಟೆಗಟ್ಟಲೆ ಕಾಯಿಸಿದರು" ಅಂತ ಸಿಟ್ಟಾಗಿದ್ದೀರಿ. ಸಿಟ್ಟು ಸಹಜ, ಆದರೆ ಆ ನಿಧಾನವೇ ಚಿಕಿತ್ಸೆ. ಮೊದಲು ಹೋದ ನೀರು ತುಂಬಬೇಕು, ಪೊಟ್ಯಾಸಿಯಂ ನೋಡಿಕೊಳ್ಳಬೇಕು, ಇನ್ಸುಲಿನ್ ಹನಿಹನಿಯಾಗಿ ಹೋಗಬೇಕು. ಈ ಸ್ಥಿತಿಯಲ್ಲಿ, ಮುಖ್ಯವಾಗಿ ಮಕ್ಕಳಲ್ಲಿ, ಮೆದುಳು ಊದಿಕೊಳ್ಳುವ ಅಪಾಯ ಇರುತ್ತದೆ. ಅದಕ್ಕೇ ಡಾಕ್ಟರು ಸಕ್ಕರೆಯನ್ನು ಒಂದೇ ಏಟಿಗೆ ಇಳಿಸುವುದಿಲ್ಲ. ಆ ಕಾಯುವಿಕೆಯನ್ನು ದೂರಾಗಿ ಬರೆಯದೆ, ಹಾಸಿಗೆ ಪಕ್ಕ ಕೂತವರು ಕಂಡ ಹಾಗೆ ಬರೆಯಿರಿ.

ಮೊದಲ ಸಲ ರೋಗಿಗೆ ಇನ್ಸುಲಿನ್ ಕೊಟ್ಟ ಟೊರಾಂಟೊ ಕಥೆಗೆ ಮೂರು ಪ್ಯಾರಾ ಕೊಟ್ಟಿದ್ದೀರಿ, ಒಂದು ಸಾಕು. ಅದರಲ್ಲೂ ಒಂದು ತಪ್ಪಿದೆ. 1922ರ ಜನವರಿ 11ರಂದು 14 ವರ್ಷದ ಲಿಯೊನಾರ್ಡ್ ಥಾಂಪ್ಸನ್‌ಗೆ ಕೊಟ್ಟ ಮೊದಲ ಇಂಜೆಕ್ಷನ್ನಿಗೇ ಅವನು ಎದ್ದು ಕೂರಲಿಲ್ಲ. ಆ ಮದ್ದು ಶುದ್ಧವಾಗಿರಲಿಲ್ಲ, ಹೆಚ್ಚೇನೂ ಕೆಲಸ ಮಾಡಲಿಲ್ಲ. ಅಲ್ಲಿನ ಜೀವರಸಾಯನ ವಿಜ್ಞಾನಿ ಕಾಲಿಪ್ ಅದನ್ನು ಶುದ್ಧ ಮಾಡಿಕೊಟ್ಟ ಮೇಲೆ, ಜನವರಿ 23ರಿಂದ ಕೊಟ್ಟದ್ದು ಹಿಡಿಯಿತು. ಹುಡುಗ ಇನ್ನೂ 13 ವರ್ಷ ಬದುಕಿದ. ನಿಜಕಥೆಯೇ ಚೆನ್ನಾಗಿದೆ ಅಲ್ವಾ?

ನಾನು ಹೇಳಿದ್ದು ಕೇಳಿ ಮೆದುಳಿಗೂ ಇನ್ಸುಲಿನ್‌ಗೂ ಸಂಬಂಧವೇ ಇಲ್ಲ ಅಂತ ಬರೆದುಬಿಡಬೇಡಿ ಮತ್ತೆ. ಇಲಿಯ ಮೆದುಳಿನ ತುಂಬ ಇನ್ಸುಲಿನ್ ಹಿಡಿಯುವ ಗ್ರಾಹಕಗಳಿವೆ ಅಂತ 1978ರಲ್ಲೇ ಗೊತ್ತಾಯಿತು. ಹಸಿವಿನ ಲೆಕ್ಕ ಇಡುವ ಜಾಗದಲ್ಲಿವೆ, ನೆನಪು ಕೂಡಿಡುವ ಜಾಗದಲ್ಲೂ ಇವೆ. ಅಲ್ಲಿ ಇನ್ಸುಲಿನ್ನಿನ ಕೆಲಸ ಸುದ್ದಿ ಮುಟ್ಟಿಸುವುದು. ಟೈಪ್ 2 ಮಧುಮೇಹ (ದೊಡ್ಡವರಲ್ಲಿ ಹೆಚ್ಚಾಗಿ ಕಾಣುವ ಬಗೆ) ಇರುವವರಿಗೆ ಮುಪ್ಪಿನಲ್ಲಿ ಮರೆವಿನ ಕಾಯಿಲೆ ಬರುವ ಸಾಧ್ಯತೆ ಹೆಚ್ಚುಕಮ್ಮಿ ಒಂದೂವರೆ ಪಟ್ಟು. ಅದರಲ್ಲಿ ಮೆದುಳಿನ ಸಣ್ಣ ರಕ್ತನಾಳಗಳು ಹಾಳಾಗುವುದರ ಪಾಲೂ ದೊಡ್ಡದು. 'ಟೈಪ್ 3 ಮಧುಮೇಹ' ಅಂತ ನೀವು ಒಳಗೊಂದು ಉಪತಲೆಬರಹ ಕೊಟ್ಟಿದ್ದೀರಲ್ಲ, ಅದು ಕೆಲವು ಸಂಶೋಧಕರು ಅಲ್‌ಜೈಮರ್‌ಗೆ ಇಟ್ಟ ಹೆಸರು, ಡಾಕ್ಟರ ಚೀಟಿಯಲ್ಲಿ ಬರೆಯುವ ರೋಗವಲ್ಲ. ಮೂಗಿನಿಂದ ಇನ್ಸುಲಿನ್ ಸಿಂಪಡಿಸಿ ನೆನಪು ಉಳಿಸುವ ಆಸೆಯೂ ಇತ್ತು, 2020ರಲ್ಲಿ ಬಂದ ದೊಡ್ಡ ಪ್ರಯೋಗದ ಫಲಿತಾಂಶದಲ್ಲಿ ಅದರಿಂದ ಲಾಭ ಕಾಣಲಿಲ್ಲ. "ಮೂಗಿನ ಸ್ಪ್ರೇ ಕ್ರಾಂತಿ" ತೆಗೆಯಿರಿ.

ಜಾಗ ಉಳಿದರೆ ಒಂದು ಪ್ಯಾರಾ ವಯಸ್ಸಾದವರ ಬಗ್ಗೆ ಸೇರಿಸಿ. ಟೈಪ್ 2 ಇರುವ ಅಜ್ಜ ಅಜ್ಜಿಯರಲ್ಲಿ ಜ್ವರವೋ ಸೋಂಕೋ ಬಂದಾಗ ಶುಗರ್ 600 ದಾಟಿ ಮಂಕಾಗುವುದುಂಟು. ಅವರ ಉಸಿರಲ್ಲಿ ಹಣ್ಣಿನ ವಾಸನೆ ಸಾಮಾನ್ಯವಾಗಿ ಬರುವುದಿಲ್ಲ, ಕೊಬ್ಬು ಕರಗದಂತೆ ತಡೆಯುವಷ್ಟು ಇನ್ಸುಲಿನ್ ಇನ್ನೂ ಉಳಿದಿರುತ್ತದೆ. ಮನೆಯವರು "ಅಜ್ಜಿಗೆ ಅರಳುಮರಳು" ಅಂತ ಮಲಗಿಸಿಬಿಡುತ್ತಾರೆ.

ಬಾಳೆಗೊನೆಯಿಂದ ಶುರು ಮಾಡಿ. 900 ಪದ, ಮುಂದಿನ ತಿಂಗಳ 10ರೊಳಗೆ. ಕಳಿಸುವ ಮುಂಚೆ ಒಬ್ಬ ಡಾಕ್ಟರಿಗೆ ಓದಿಸಿ, ನನ್ನ ಮಾತನ್ನೇ ನಂಬಿ ಕೂರಬೇಡಿ. ಮತ್ತೆ ಮಾವನನ್ನೊಮ್ಮೆ ಕೇಳಿ, ಆ ಬೆಳಗಿನದು ಅವರಿಗೆ ಏನು ನೆನಪಿದೆ ಅಂತ. ನಿಮ್ಮ ಲೇಖನದಲ್ಲಿ ಎಲ್ಲರೂ ಮಾತಾಡಿದ್ದಾರೆ, ಅವರೊಬ್ಬರನ್ನು ಬಿಟ್ಟು.