ರೂಮ್ ಬಾಡಿಗೆಗೆ ಮಿತಿ ಇರುವ ಆರೋಗ್ಯ ವಿಮೆ ತಗೊಂಡರೆ ಪ್ರೀಮಿಯಂ ಕಮ್ಮಿ ಆಗುತ್ತದಂತೆ, ತಗೊಳ್ಳಲಾ? ನನಗೆ ಇಪ್ಪತ್ತು ಲಕ್ಷದ್ದು ಬೇಕು, ಏಜೆಂಟ್ ಪ್ರೀಮಿಯಂ 21,000 ಅಂದರು. ನನಗೆ ಬಿಪಿ ಇದೆ, ಅದನ್ನು ಅರ್ಜಿಯಲ್ಲಿ ಬರೆಯಬೇಡಿ ಅಂತಲೂ ಅಂದರು. ಈಗಿರುವ ಪಾಲಿಸಿಯ ರಿನ್ಯೂವಲ್ ಮಾರ್ಚಿನಲ್ಲಿ.

ಅಯ್ಯೋ, ಬೇಡ. ನಾನು ಮಾಡಿದ್ದೂ ಇದನ್ನೇ.

2019ರಲ್ಲಿ ನನ್ನೊಬ್ಬನ ಹೆಸರಿಗೆ ಮೂರು ಲಕ್ಷದ ಪಾಲಿಸಿ ಮಾಡಿಸಿದೆ. ರೂಮ್ ಬಾಡಿಗೆ ದಿನಕ್ಕೆ ಪಾಲಿಸಿ ಮೊತ್ತದ ಶೇ. 1, ಅಂದರೆ 3,000 ರೂಪಾಯಿ ಮಾತ್ರ ಅನ್ನುವ ಷರತ್ತಿತ್ತು. ಷರತ್ತಿಲ್ಲದ ಪಾಲಿಸಿಗಿಂತ ವರ್ಷಕ್ಕೆ 2,200 ಅಗ್ಗ. ಭಾರಿ ಜಾಣ ಅಂದುಕೊಂಡೆ.

2022ರ ಶುರುವಿನಲ್ಲಿ ಪಿತ್ತಕೋಶದಲ್ಲಿ ಕಲ್ಲು. ಕೀವಾಗಿದೆ, ಆಪರೇಷನ್ ಮಾಡಿ ಐದು ದಿನ ಇಟ್ಟುಕೊಳ್ಳಬೇಕು ಅಂದರು. ಮೈಸೂರಿನ ಒಂದು ಖಾಸಗಿ ಆಸ್ಪತ್ರೆ. ಕೌಂಟರಿನ ಹುಡುಗಿ "ಶೇರಿಂಗಾ ಸರ್, ಸಿಂಗಲ್ಲಾ?" ಅಂದಳು. ಸಿಂಗಲ್ 6,000. ಪಕ್ಕದಲ್ಲಿ ಅಮ್ಮ ಚಾಪೆ, ಫ್ಲಾಸ್ಕ್ ಹಿಡಿದು ನಿಂತಿದ್ದರು, ರಾತ್ರಿ ನನ್ನ ಜೊತೆ ಮಲಗಲು. ಮೇಲಿನ ಮೂರು ಸಾವಿರ ನಾವೇ ಕೊಟ್ಟರಾಯ್ತು, ಐದು ದಿನಕ್ಕೆ 15,000 ತಾನೇ ಅಂತ ಸಿಂಗಲ್ಲೇ ಕೊಡಿ ಅಂದುಬಿಟ್ಟೆ.

ಎಡವಿದ್ದು ಇಲ್ಲೇ. ಮಿತಿ ಮೀರಿದರೆ ಕಟ್ ಆಗುವುದು ರೂಮಿನ ದುಡ್ಡೊಂದೇ ಅಲ್ಲ. ರೂಮ್ ದುಬಾರಿಯಾದ ಹಾಗೆ ಸರ್ಜನ್ ಫೀಸು, ಅರಿವಳಿಕೆ ಡಾಕ್ಟರ ಫೀಸು, ಆಪರೇಷನ್ ಥಿಯೇಟರ್, ನರ್ಸಿಂಗ್ ಎಲ್ಲವನ್ನೂ ಆಸ್ಪತ್ರೆ ಏರಿಸುತ್ತದೆ. ಅದಕ್ಕೆ ಕಂಪನಿ ಅವನ್ನೂ ಅದೇ ಲೆಕ್ಕದಲ್ಲಿ ಕತ್ತರಿಸುತ್ತದೆ. ನನಗೆ ಇದ್ದದ್ದು 3,000, ತಗೊಂಡಿದ್ದು 6,000. ಸರಿಯಾಗಿ ಅರ್ಧ. ಬಿಲ್ 1,85,000. ರೂಮಿನ 30,000ಕ್ಕೆ ಸಿಕ್ಕಿದ್ದು 15,000. ಡಾಕ್ಟರು, ಥಿಯೇಟರ್, ನರ್ಸಿಂಗ್ ಸೇರಿ 1,10,000, ಸಿಕ್ಕಿದ್ದು 55,000. ಔಷಧಿ, ಟೆಸ್ಟಿನ 45,000 ಮಾತ್ರ ಪೂರ್ತಿ ಬಂತು. ಕೈಯಿಂದ 70,000 ಕಟ್ಟಿ ಮನೆಗೆ ಬಂದೆ. ಮೂರು ವರ್ಷ ಉಳಿಸಿದ್ದು 6,600! ಪಾಲಿಸಿ ಪುಸ್ತಕದಲ್ಲಿ ಇದೆಲ್ಲ ಬರೆದಿತ್ತು. ನಾನು ಓದಿರಲಿಲ್ಲ, ಅಷ್ಟೇ.

ಹಾಗಾಗಿ ಪ್ರೀಮಿಯಂ ಎಷ್ಟು ಇಳಿಯುತ್ತದೆ ಅಂತ ಕೇಳಲೇಬೇಡಿ. ಆಸ್ಪತ್ರೆಗೆ ಸೇರಿದಾಗ ನನ್ನ ಜೇಬಿನಿಂದ ಎಷ್ಟು ಹೋಗುತ್ತದೆ ಅಂತ ಕೇಳಿ. ಇಪ್ಪತ್ತು ಲಕ್ಷದ್ದೇ ಬೇಕು ಅಂದಿದ್ದೀರಲ್ಲ, ಒಂದೇ ದೊಡ್ಡ ಪಾಲಿಸಿ ಬೇಡ. ರೂಮ್ ಮಿತಿ ಇಲ್ಲದ ಐದು ಲಕ್ಷದ್ದು ತಗೊಂಡು ಮೇಲೆ ಸೂಪರ್ ಟಾಪ್-ಅಪ್, ಅಂದರೆ ಖರ್ಚು ಐದು ಲಕ್ಷ ದಾಟಿದ ಮೇಲೆ ಕೊಡುವ ಹೆಚ್ಚುವರಿ ಪಾಲಿಸಿ, ಹಾಕಿಸಿ. ಬರೀ ಟಾಪ್-ಅಪ್ ಅಲ್ಲ. ಬರೀ ಟಾಪ್-ಅಪ್‌ನಲ್ಲಿ ಒಂದೊಂದು ಬಿಲ್ಲನ್ನೂ ಬೇರೆಯಾಗಿ ನೋಡುತ್ತಾರೆ, ಸೂಪರ್ ಇದ್ದರೆ ವರ್ಷದ ಬಿಲ್ಲುಗಳನ್ನೆಲ್ಲ ಕೂಡಿಸಿ ನೋಡುತ್ತಾರೆ. ಕೋ-ಪೇ, ಅಂದರೆ ಬಿಲ್ಲಿನಲ್ಲಿ ಇಂತಿಷ್ಟು ಪಾಲು ನಾವೇ ಕೊಡಬೇಕು ಅನ್ನುವ ಷರತ್ತು, ಸುಮ್ನೆ ತಲೆನೋವು. ಬಿಪಿ ವಿಷಯ ಬರೆಯಬೇಡಿ ಅಂದ ಏಜೆಂಟನ್ನು ಇವತ್ತೇ ಬಿಡಿ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಪಾಲಿಸಿಗೆ ಜಿಎಸ್‌ಟಿ ಇಲ್ಲ, ಮೊದಲು ಶೇ. 18 ಇತ್ತು. ಆ ಏಜೆಂಟ್ ಹೇಳಿದ 21,000 ಜಿಎಸ್‌ಟಿ ಸೇರಿದ ಹಳೇ ಲೆಕ್ಕವಾ ನೋಡಿಕೊಳ್ಳಿ.

ರಿನ್ಯೂವಲ್ ಮಾರ್ಚಿನಲ್ಲಿ ಅಲ್ವಾ? ಆ ಐದು ಲಕ್ಷದ್ದನ್ನು ಹೊಸದಾಗಿ ಕೊಳ್ಳಬೇಡಿ, ಈಗಿರುವುದನ್ನೇ ಅದಕ್ಕೆ ಪೋರ್ಟ್ ಮಾಡಿಸಿ, ಅಂದರೆ ಹೊಸ ಕಂಪನಿಗೆ ವರ್ಗಾಯಿಸಿ. ಮೊದಲೇ ಇರುವ ಕಾಯಿಲೆಗೆ ಕ್ಲೇಮ್ ಸಿಗಲು ಕೆಲವು ವರ್ಷ ಕಾಯಬೇಕಲ್ಲ, ಬಿಪಿಗಾಗಿ ಇಷ್ಟು ವರ್ಷ ಕಾದಿದ್ದು ಲೆಕ್ಕಕ್ಕೆ ಬರುತ್ತದೆ. ಕನಿಷ್ಠ 45 ದಿನ ಮೊದಲು ಅರ್ಜಿ ಹೋಗಿರಲಿ. ಜನವರಿಯಲ್ಲೇ ಶುರು ಮಾಡಿ.