ಗಿಣ್ಣಿನ ಸಾಲು ಬರೆದವರಿಗೆ

ನಮಸ್ಕಾರ.

ಕೋಳಿಯ ಮೈ ರೋಗದ ವಿರುದ್ಧ ಹೋರಾಡುವ ಬಗೆ ಕುರಿತು ನೀವು ಕಳಿಸಿದ ಲೇಖನ ‘ಕೋಳಿಯೊಳಗಿನ ಸೇನೆ’ ಓದಿದೆ. ವಿಷಯ ಚೆನ್ನಾಗಿದೆ, ಪಟ್ಟ ಶ್ರಮವೂ ಕಾಣುತ್ತದೆ. ಆದರೆ ಹೀಗೇ ಪತ್ರಿಕೆಯಲ್ಲಿ ಹಾಕಲಾರೆ.

ಮೊದಲ ಸಾಲು ನೋಡಿ: ‘ವಿದೇಶಿ ವಸ್ತು ಪ್ರವೇಶಿಸಿದೊಡನೆ ನ್ಯೂಟ್ರೋಫಿಲ್ ಎಂಬ ವೀರಯೋಧರು ರಣರಂಗಕ್ಕೆ ಧಾವಿಸುತ್ತಾರೆ.’ ಕೋಳಿ ಕಾಲಿಗೆ ಚುಚ್ಚಿದ ಮುಳ್ಳು ಯಾವ ದೇಶದ್ದು? ‘ಹೊರಗಿನದು’ ಅನ್ನಿ, ಸಾಕು. ಯೋಧರ ಮಾತು ಬಿಡಿ, ಕೋಳಿಯಲ್ಲಿ ನ್ಯೂಟ್ರೋಫಿಲ್ಲೇ ಇಲ್ಲ! ಅದು ನಮ್ಮ ಮೈಯಲ್ಲಿ ಸೋಂಕಿನ ಮೇಲೆ ಮೊದಲು ಬೀಳುವ ಬಿಳಿ ರಕ್ತಕಣ. ಕೋಳಿಯಲ್ಲಿ ಆ ಕೆಲಸ ಮಾಡುವುದು ಹೆಟೆರೋಫಿಲ್ ಎಂಬ ಬೇರೆ ಬಿಳಿ ರಕ್ತಕಣ. ಎರಡನೇ ಪುಟದಲ್ಲಿ ಸೈನ್ಯ ‘ದುಗ್ಧಗ್ರಂಥಿಗಳಲ್ಲಿ’ ಸೇರುತ್ತದೆ ಅಂತೀರಿ. ನಮ್ಮ ಕಂಕುಳಲ್ಲಿರುವಂಥ ಗ್ರಂಥಿ ಕೋಳಿಗಿಲ್ಲ. ಮನುಷ್ಯರ ಪಾಠಪುಸ್ತಕಕ್ಕೆ ಪುಕ್ಕ ಅಂಟಿಸಿದ್ದೀರಿ, ಅಷ್ಟೆ.

ನಿಜಕ್ಕೂ ಸಿಟ್ಟು ಬಂದಿದ್ದು ನಾಲ್ಕನೇ ಪುಟದಲ್ಲಿ. ನಿಮ್ಮಜ್ಜಿ ಕೋಳಿಯ ಪಾದದ ಬಾವು ಕೊಯ್ದಾಗ ‘ಕೀವು ಹರಿಯಲಿಲ್ಲ, ಗಟ್ಟಿ ಗಿಣ್ಣಿನ ತುಂಡಿನಂತೆ ಹೊರಬಂತು’ ಎಂದು ಬರೆದು, ಅದನ್ನೂ ಕಂಸದೊಳಗೆ ಹಾಕಿ, ಮುಂದೆ ಹೋಗಿಬಿಟ್ಟಿದ್ದೀರಿ. ಲೇಖನ ಇರುವುದೇ ಅಲ್ಲಿ, ಅಲ್ವಾ? ನಮ್ಮ ಕೀವು ತೆಳ್ಳಗಾಗಲು ನ್ಯೂಟ್ರೋಫಿಲ್‌ನ ಕಿಣ್ವಗಳು ಕಾರಣ. ಹೆಟೆರೋಫಿಲ್‌ನಲ್ಲಿ ಮಯಲೋಪೆರಾಕ್ಸಿಡೇಸ್ ಎಂಬ ಕಿಣ್ವ ಇಲ್ಲ. ಅದಕ್ಕೇ ಕೋಳಿಯ ಕೀವು ಕರಗದೆ ಗಟ್ಟಿಯಾಗಿ ಕೂರುತ್ತದೆ. ನಿಮ್ಮಜ್ಜಿ ಕಣ್ಣಾರೆ ಕಂಡದ್ದು ನಿಮ್ಮ ಮೊದಲ ಸಾಲನ್ನೇ ಸುಳ್ಳು ಮಾಡುತ್ತಿದೆ. ನೀವು ಗಮನಿಸಲೇ ಇಲ್ಲ.

ಇನ್ನೊಂದು, ಕೋಳಿಯ ಹಿಂಭಾಗದಲ್ಲಿರುವ ಬರ್ಸಾ ಎಂಬ ಪುಟ್ಟ ಚೀಲದ ಬಗ್ಗೆ: ‘ಗ್ಲಿಕ್‌ರಿಂದ ಬರ್ಸಾದ ಮಹತ್ವ ಕಂಡುಹಿಡಿಯಲ್ಪಟ್ಟಿತು.’ ಅಯ್ಯೋ, ‘ಲ್ಪಟ್ಟಿತು’! ಬ್ರೂಸ್ ಗ್ಲಿಕ್ ಆಗ ಅಮೆರಿಕದ ಓಹಾಯೋದಲ್ಲಿ ಸಂಶೋಧನಾ ವಿದ್ಯಾರ್ಥಿ. ರೋಗಾಣುವಿಗೆ ಅಂಟಿಕೊಂಡು ಅದನ್ನು ಎದುರಿಸುವ ಪ್ರತಿಕಾಯ ಹುಟ್ಟುವುದನ್ನು ತರಗತಿಯಲ್ಲಿ ತೋರಿಸಲು ಜೊತೆಗಾರ ಚಾಂಗ್ ಗ್ಲಿಕ್‌ರ ಕೋಳಿಗಳನ್ನು ಒಯ್ದು ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾದ ಅಂಶ ಚುಚ್ಚಿದರು. ಕೆಲವು ಕೋಳಿಗಳಲ್ಲಿ ಪ್ರತಿಕಾಯವೇ ಹುಟ್ಟಲಿಲ್ಲ. ನೋಡಿದರೆ, ಅವು ಗ್ಲಿಕ್ ಬರ್ಸಾ ತೆಗೆದಿದ್ದ ಕೋಳಿಗಳು. ಇದನ್ನು ಕುರಿತು ಅವರು ಬರೆದ ಲೇಖನವನ್ನು ‘ಸೈನ್ಸ್’ ಪತ್ರಿಕೆ ವಾಪಸ್ ಕಳಿಸಿತು. 1956ರಲ್ಲಿ ‘ಪೌಲ್ಟ್ರಿ ಸೈನ್ಸ್’ ಅಚ್ಚು ಹಾಕಿತು. (ಸಂಪಾದಕರೂ ಎಡವುತ್ತಾರೆ, ನನ್ನನ್ನೂ ಸೇರಿಸಿಕೊಳ್ಳಿ.)

ಕೆಲಸ ಕಲಿಯುವ ದಿನಗಳಲ್ಲಿ ನಾನೂ ಕೋಳಿಗಳಿಗೆ ಬರುವ ಗಂಬೋರೊ ಎಂಬ ವೈರಸ್ ರೋಗದ ಬಗ್ಗೆ ಬರೆಯುತ್ತಾ ‘ಬರ್ಸಾ ಎಂಬ ಪ್ರಮುಖ ಅಂಗ’ ಅಂದಿದ್ದೆ. ನಮ್ಮ ಹಿರಿಯರು ಅಂಚಿನಲ್ಲಿ ಕೆಂಪು ಇಂಕಿನಲ್ಲಿ ಒಂದೇ ಮಾತು ಗೀಚಿದರು: ‘ಕಂಡಿದ್ದೀಯಾ?’ ಅವಮಾನವಾಯಿತು. ಸೀದಾ ಕೋಳಿ ಅಂಗಡಿಗೆ ಹೋದೆ. ಅಂಗಡಿಯವರು ನಕ್ಕು, ಕೋಳಿಯ ಹಿಂಭಾಗ ಬಿಡಿಸಿ, ದ್ರಾಕ್ಷಿಯಷ್ಟು ದೊಡ್ಡ ಬಿಳಿಚಿದ ಚೀಲವೊಂದನ್ನು ಅಂಗೈ ಮೇಲಿಟ್ಟರು. ಬ್ಲೇಡಿನಲ್ಲಿ ಸೀಳಿದರೆ ಒಳಗೆಲ್ಲ ಸೀರೆಯ ನೆರಿಗೆಯಂಥ ಮಡಿಕೆ. ಪ್ರತಿಕಾಯ ಮಾಡುವ ಬಿ ಕಣಗಳು ಬೆಳೆಯುವ ಮನೆ ಅದು. ‘ಬಿ’ ಅಂದರೆ ಬರ್ಸಾದ ಬಿ. ಗಂಬೋರೊ ವೈರಸ್ ಕೆಡಿಸುವುದೂ ಅದನ್ನೇ. ರಾತ್ರಿ ಕೂತು ಎಲ್ಲ ಹೊಸದಾಗಿ ಬರೆದೆ.

ಗಿಣ್ಣಿನಿಂದ ಶುರುಮಾಡಿ ಮತ್ತೆ ಕಳಿಸಿ. ಅಂದಹಾಗೆ, ಅಜ್ಜಿ ಬಾವು ಕೊಯ್ದಿದ್ದು ಯಾವುದರಲ್ಲಿ? ಚಾಕುವಾ, ಬ್ಲೇಡಾ? ಅದನ್ನು ಬರೆದೇ ಇಲ್ಲ ನೀವು.